ಹುಡುಗೂರು ನನ್ನ ಸೋಗು ಹಾಕಿದ ವರ್ಷ

ಗಡಿ ಮ್ಯಾಲಿನ ನಮ್ಮ ಜತ್ತಿನ ಕಾಲೇಜಿನಾಗ ಒಬ್ಬ ಮಾಸ್ತರ ಖರೇನ ನಮ್ಮಾಂವ ಆಗ್ಯಾನೋ ಇಲ್ಲೋ ಅಂತ ತಿಳೀಬೇಕಂದ್ರ ಅವನ ನೇಮಣೂಕಿ ಕಾಗದಾ ನೋಡಿ ಉಪಯೋಗಿಲ್ಲ. ಗ್ಯಾದರಿಂಗು ಅಂದ್ರ ಕಾಲೇಜಿನ ವರ್ಷದ ಹಬ್ಬ, ಅದರ ಕಡೀ ದಿನ ಹುಡುಗೂರು ಅವನ ಸೋಗು ಹಾಕಿದ್ರೋ ಇಲ್ಲೋ, ಅದನ್ನ ನೋಡಬೇಕು. ಹಾಕಿದ್ರಂದ್ರ ಆ ಮಾಸ್ತರ ಪ್ಯಾಟ್ಯಾಗ ಹೊಂಟಾಗ ಚಹಾದಂಗಡಿಯಾಂವ ತಾನ ಕರದು ಕುಂದರಸ್ತಾನ. ಹಾಕಲಿಲ್ಲ ಅಂದ್ರ ಅಂವ ಎಷ್ಟ ವರ್ಷ ಕಲಿಸಿದ್ರೂ ಬಂದು ಹೋಗೂ ಪಾವಣಾ ಇದ್ದಂಗ. ನಾ ಭಾಳ ವರ್ಷ ಹಂಗ ಪಾವಣಾ ಆಗೇ ಇದ್ದೆ. ಅದರ ಸಿಟ್ಟು ನನಗಿತ್ತು. ಇತ್ತು ಅಂತ ಹೇಳಾಕ ಈಗ ನನಗ ನಾಚಿಕೀನೂ ಇಲ್ಲ.

ಸೋಗು ಅಂದ್ರ ಒಂದು ಹಾಡಿನ ನಾಟಕ. ನಗಸೂದ ಅದರ ಕೆಲಸ. ಗ್ಯಾದರಿಂಗಿನಾಗ ಮೊದಲ ಆಟಪಾಟ, ರಂಗೋಲಿ, ಭಾಷಣ, ಬಕ್ಷೀಸು ಎಲ್ಲಾ ಮುಗೀತಾವ. ಅವಕ್ಕೆಲ್ಲಾ ಹುಡುಗೂರು ಬಂದ್ರೂ ಬಂದ್ರು, ಬಿಟ್ರೂ ಬಿಟ್ರು. ಕಡೀ ದಿನ ಮಧ್ಯಾಹ್ನ ಸೋಗು ಸುರು ಆತಂದ್ರ ಮಾತ್ರ ಸಭಾಗೃಹದಾಗ ಕಾಲ ಇಡಾಕ ಜಾಗಾ ಇರೂದಿಲ್ಲ. ಒಂದು ಹಾರ್ಮೋನಿಯಂ ಪೇಟಿ, ಒಂದು ಡಗ್ಗಾ, ಒಂದು ಹಲಗಿ. ಧಾಟಿ ಎಲ್ಲಾ ಹಳೇವು. ಬೀಸೂ ಕಲ್ಲಿನ ಹಾಡಿಂದು, ಮದುವಿ ಹಾಡಿಂದು, ಭಜನಿದು. ಮಾತು ಮಾತ್ರ ವರ್ಷ ವರ್ಷಾ ಹೊಸವು. ಉಮದಿ, ಕರಜಗಿ ಕಡಿ ಹುಡುಗೂರ ಮನ್ಯಾಗ ಕನ್ನಡ, ಉಳದ ಹುಡುಗೂರ ಮನ್ಯಾಗ ಮರಾಠಿ, ಅದಕ್ಕ ಒಂದು ಸಾಲು ಕನ್ನಡದಾಗ ಎತ್ತಿದ್ರ ಮುಂದಿಂದು ಮರಾಠಿಯೊಳಗ ಇಳಸ್ತಾರ. ಯಾರಿಗೂ ಅರ್ಥ ಆಗಲಿಲ್ಲ ಅನ್ನೂ ಮಾತಿಲ್ಲ. ಪ್ರಿನ್ಸಿಪಾಲರು, ಆಫೀಸಿನ ಭಾವುಸಾಹೇಬರು, ಮಾಸ್ತರು, ಕಲಿಸೂ ಬಾಯಾರು, ಎಲ್ಲಾರೂ ಹುಡುಗೂರ ಕೈಯಾಗ ಸಿಕ್ಕು ಹಣ್ಣಗಾಯಿ ಆಗಬೇಕು. ಇದನ್ನ ಯಾರು ಸುರು ಮಾಡಿದ್ರು ಅಂತ ಯಾರಿಗೂ ಗೊತ್ತಿಲ್ಲ. ನಾ ಕಲಿಯೂ ಮುಂದನ ಅದು ಹಳೇದಾಗಿತ್ತು.

ಇದಕ್ಕೊಂದು ರೂಢಿ ಐತಿ. ಸೋಗಿನ ಹಿಂದಿನ ದಿನ ಸಂಜೀಕ ಹುಡುಗೂರು ಗುಂಪ ಕಟಗೊಂಡು, ಯಾರ ಸೋಗು ಹಾಕಬೇಕಂತ ಮಾಡ್ಯಾರೋ ಅವರ ಮನಿಗೆ ಹೋಗತಾರ. ಬಾಗಲದಾಗ ನಿಂತು, "ನಿಮ್ಮದೊಂದು ಸಾಮಾನ ಕೊಡ್ರಿ" ಅಂತಾರ. ಚಸ್ಮಾ ಆತು, ಛತ್ರಿ ಆತು, ಮಫ್ಲರು ಆತು, ಏನರ ಒಂದು ಕೊಡಬೇಕು. ಕೊಟ್ರ ಮುಗೀತು, ಮರದಿವಸ ಏನ ಅಂದ್ರೂ ಸಿಟ್ಟ ಆಗಾಂಗಿಲ್ಲ. ಬಂದ ಹುಡುಗೂರಿಗೆ ಚಹಾ ಕೊಡಬೇಕು, ಬಾಯಿ ಆಡಸಾಕ ಏನರ ಕೊಡಬೇಕು. ಸಾಮಾನ ಕೇಳಾಕ ಬರೂದಂದ್ರ ನಮ್ಮಲ್ಲೆ ಮಾನ. ಹೊರಗಿನವ್ರಿಗೆ ಇದು ತಿಳಿಯೂದಿಲ್ಲ. ಹೊಸದಾಗಿ ಬಂದ ಮಾಸ್ತರು ಮೊದಲ ಗಾಬರಿ ಆಗತಾರ, ಆಮ್ಯಾಲ ತಾವ ಬಾಗಲ ತಗದು ಕುಂದರತಾರ.

ನಾನೂ ಇದೇ ಕಾಲೇಜಿನಾಗ ಕಲತಾಕಿ. ಕರಜಗಿಯಿಂದ ಬಸ್ಸಿನಾಗ ಬರತಿದ್ದೆ. ಆಗಿನ ಪ್ರಿನ್ಸಿಪಾಲರ ಸೋಗು ನಾನ ಹಾಕತಿದ್ದೆ. ಮೀಸಿ ಹಚಗೊಂಡು, ಹೊಟ್ಟಿಗೆ ದಿಂಬ ಕಟಗೊಂಡು, ಅವರ ಕೋಟ ತೊಟಗೊಂಡು ಹಂಗ ಒಂದ ಸುತ್ತ ತಿರಗಿದ್ರ ಸಾಕು, ಮಂದಿ ಬಿದ್ದ ಬಿದ್ದ ನಗತಿದ್ರು. ಪ್ರಿನ್ಸಿಪಾಲರು ಮುಂದಿನ ಸಾಲಿನಾಗ ಕುಂತು ಕಣ್ಣ ಒರಸಿಕೊಂತ ನಗತಿದ್ರು. ಅವತ್ತ ನಾ ಮನಸಿನಾಗ ಅಂದುಕೊಂಡೆ: ಮಾಸ್ತರಕಿ ಮಾಡಿದ್ರ ಇಲ್ಲೇ ಮಾಡಬೇಕು, ಒಂದಿನ ನನ್ನ ಸೋಗೂ ಹಾಕಬೇಕು, ನಾ ಹಿಂಗ ಕುಂತು ನಗಬೇಕು.

ನಸೀಬ ಚಲೋ ಇತ್ತು. ಇತಿಹಾಸ ಕಲಸಾಕ ಇಲ್ಲೇ ಜಾಗಾ ಸಿಕ್ತು. ಮದುವಿನೂ ಜತ್ತಿಗೆ ಆತು. ನಮ್ಮ ಮನಿಯವ್ರದು ಪ್ಯಾಟ್ಯಾಗ ಬೀ-ಗೊಬ್ಬರದ ಅಂಗಡಿ. ಮಾತಿನ ಮಲ್ಲ ಆಂವ, ಗಿರಾಕಿ ಒಂದು ಚೀಲ ಒಯ್ಯಾಕ ಬಂದ್ರ ತಾಸಗಟ್ಟಲೇ ನಗಿಸಿ ಕಳಸ್ತಿದ್ದ. ಹೊಸಬರನ್ನ ಮೊದಲನೇ ವರ್ಷ ಹುಡುಗೂರು ಬಿಡತಾರ, ಅದೂ ಒಂದು ರೂಢಿ. "ಮುಂದಿನ ವರ್ಷ ನಿನ್ನ ಪಾಳಿ ಐತಿ ನೋಡು" ಅಂತ ಮನಿಯವ್ರು ನನ್ನ ಕಾಡತಿದ್ರು. ಆ ಮುಂದಿನ ವರ್ಷ ಬರೂದ್ರಾಗ, ಒಂದು ಮಧ್ಯಾಹ್ನ ಅಂಗಡ್ಯಾಗ ಎದಿ ಹಿಡಕೊಂಡು ಕುಂತಾಂವ ಮ್ಯಾಲ ಏಳಲಿಲ್ಲ.

ಅದನ್ನ ಬೆಳಸಿ ಹೇಳೂದಿಲ್ಲ. ಹೇಳಾಕ ನನಗ ಆಗೂದಿಲ್ಲ. ಮನ್ಯಾಗ ಉಳದವ್ರು ಇಬ್ಬರ, ನಾನು ಮತ್ತು ನಮ್ಮ ಅತ್ತಿ, ಅವರನ್ನ ಹಡದಾಕಿ. ಅತ್ತಿ ಗಟ್ಟಿ ಹೆಣಮಗಳು. ನಾ ಅಳಾಕತ್ತರ, "ಅಳು, ಆದ್ರ ಊಟ ಮಾಡಿ ಅಳು" ಅಂತಿದ್ಲು. ನಮ್ಮ ಕಡೆ ಸಾವಾದ ಮನ್ಯಾಗ ಮುಂದ ಬರೂ ಮೊದಲನೇ ಹಬ್ಬಕ್ಕ ಬೀಗರು ಸಿಹಿ ಅಡಗಿ ತಂದು, ಮನಿಯವ್ರಿಗೆ ಉಣಿಸಿ, ದುಃಖ ಬಿಡಸ್ತಾರ. ನಮ್ಮ ಮನಿಗೂ ಬಂದಿದ್ರು. ಅತ್ತಿ ಹೋಳಿಗಿ ಒಂದು ತುತ್ತು ಬಾಯಾಗ ಇಟಗೊಂಡಂಗ ಮಾಡಿ, ಹಿತ್ತಲಕ್ಕ ಹೋಗಿ ಉಗಳಿ ಬಂದ್ಲು. ಅದನ್ನ ನಾನೊಬ್ಬಾಕಿನ ನೋಡೀನಿ. ಬೀಗರು ದುಃಖ ಮುಗೀತು ಅಂತ ತಮ್ಮ ಊರಿಗೆ ಹ್ವಾದ್ರು. ನಮ್ಮ ಮನ್ಯಾಗ ಅದು ಮುಗದಿರಲಿಲ್ಲ.

ಆ ವರ್ಷ ಹುಡುಗೂರು ಸಾಮಾನ ಕೇಳಾಕ ಬರಲಿಲ್ಲ. ಬರಬಾರದು, ಸರಿ ಐತಿ. ಅದರ ಮುಂದಿನ ವರ್ಷನೂ ಬರಲಿಲ್ಲ. ಮತ್ತ ಮುಂದಿನ ವರ್ಷನೂ ಇಲ್ಲ. ಮೊದಲ ಮೊದಲ ನನಗ ಏನೂ ಅನಸಲಿಲ್ಲ. ಆಮ್ಯಾಲ ಒಂದೊಂದ ತಿಳಿಯಾಕತ್ತು. ಸ್ಟಾಫ್ ರೂಮಿನಾಗ ನಾ ಒಳಗ ಹ್ವಾದ್ರ ನಗಿ ನಿಲ್ಲತಿತ್ತು. ನನ್ನ ಮುಂದ ಎಲ್ಲಾರೂ ಮೆತ್ತಗ ಮಾತಾಡತಿದ್ರು, ದವಾಖಾನ್ಯಾಗ ಪೇಶೆಂಟಿನ ಮುಂದ ಮಾತಾಡಿದಂಗ. ಯಾರದರ ಮನಿ ಮದುವಿಗೆ ಹ್ವಾದ್ರ, "ಕುಂದ್ರಿ, ನೀವೇನ ಏಳಬ್ಯಾಡ್ರಿ" ಅಂತ ಮೂಲ್ಯಾಗಿನ ಖುರ್ಚಿ ತೋರಸ್ತಿದ್ರು. ಎಲ್ಲಾರದೂ ಒಳ್ಳೆ ಮನಸ. ಆದ್ರ ಒಳ್ಳೆ ಮನಸಿನವ್ರು ಕೂಡಿ ಒಬ್ಬಾಕಿನ್ನ ಹೆಂಗ ಮೂಲಿಗೆ ಸರಸ್ತಾರ ಅನ್ನೂದು ನಾ ಮೈಮ್ಯಾಲ ನೋಡೀನಿ. ಗಂಡ ಸತ್ತಾಕಿ ದುಃಖ ಮುಗೀತು ಅಂತ ಹೇಳಾಕ ಯಾವ ಹಬ್ಬನೂ ಇಲ್ಲ ನಮ್ಮಲ್ಲೆ. ಅದಕ್ಕ ನನಗ ಸೋಗಿನ ಚಟಾ ಹತ್ತು. ಹುಡುಗೂರರ ನನ್ನ ನೋಡಿ ನಗಲಿ ಅಂತ ಅನಸ್ತಿತ್ತು. ನಗಿಸ್ಕೊಳ್ಳೂ ಹಕ್ಕು ನನಗಿನ್ನೂ ಐತಿ ಅನ್ನೂದು ಒಮ್ಮೆ ಗೊತ್ತಾದ್ರ ಸಾಕಾಗಿತ್ತು.

ಅದಕ್ಕ ವರ್ಷಾ ಆ ಸಂಜೀಕ ನಾ ತಯಾರ ಆಗಿ ಕುಂದರತಿದ್ದೆ. ಅವಲಕ್ಕಿ ಚಿವಡಾ ಮಾಡಿ ಡಬ್ಬಿ ತುಂಬತಿದ್ದೆ. ಅಂಗಳಾ ಕಸಾ ಹೊಡದು, ಚಹಾದ ಭಾಂಡ್ಯಾ ಒಲಿ ಮ್ಯಾಲ ಇಟ್ಟು, ಪುಸ್ತಕ ಹಿಡಕೊಂಡು ಬಾಗಲದ ಎದರ ಕುಂದರತಿದ್ದೆ, ಓದಾಕತ್ತೀನಿ ಅನ್ನೂವರಂಗ. ನಮ್ಮ ಬಾಜು ಮನಿ ಗಣಿತದ ಸರ್ ಇದ್ರು. ಹುಡುಗೂರು ಅವರನ್ನ ಒಂದು ವರ್ಷನೂ ಬಿಟ್ಟವ್ರಲ್ಲ. ಗುಂಪು ಗದ್ದಲ ಮಾಡಿಕೊಂತ ಬರತಿತ್ತು, ನಮ್ಮ ಬಾಗಲ ಮುಂದ ಬಂದಾಗ ಒಮ್ಮೆಲೆ ಬಾಯಿ ಮುಚಗೊಂಡು, ತಲಿ ಬಗ್ಗಿಸಿ ದಾಟತಿತ್ತು, ಸರ್ ಬಾಗಲದಾಗ ಮತ್ತ ಗದ್ದಲ. ಸರ್ ಒಳಗಿಂದ, "ಈ ವರ್ಷನೂ ನಾನಽ ಸಿಕ್ಕೆನೇನ್ರೋ, ಬ್ಯಾರೆ ಯಾರೂ ಇಲ್ಲೇನು" ಅಂತ ಬೇಜಾರಿನ ದನಿ ತಗೀತಿದ್ರು. ಎಲ್ಲಾ ನಾಟಕ. ಅವರ ಮಫ್ಲರು ಎರಡ ದಿನ ಮೊದಲನ ತೊಳದು ಇಸ್ತ್ರಿ ಆಗಿ ಬಂದದ್ದು ನನಗ ಗೊತ್ತಿತ್ತು. ಆ ಮಫ್ಲರಿನ ಮ್ಯಾಲ ನನಗ ಹೊಟ್ಟಿಕಿಚ್ಚು. ನಗಬ್ಯಾಡ್ರಿ, ಖರೇನ ಹೊಟ್ಟಿಕಿಚ್ಚು. ಗುಂಪು ಹೊಳ್ಳಿ ಹ್ವಾದ ಮ್ಯಾಲ ಅತ್ತಿ, "ಯಾಕ, ಇಷ್ಟ ಚಿವಡಾ ಯಾರ ತಿನ್ನಬೇಕು" ಅಂತಿರಲಿಲ್ಲ. ಸುಮ್ಮನ ಒಂದು ತಾಟಿನಾಗ ಹಾಕಿಕೊಂಡು, ಹಲ್ಲಿಲ್ಲದ ಬಾಯಾಗ ನೆನಸಿ ನೆನಸಿ ತಿಂತಿದ್ಲು. ಅತ್ತಿಗೆ ನನ್ನ ಗುಟ್ಟು ಗೊತ್ತಿಲ್ಲ ಅಂತ ನಾ ತಿಳದಿದ್ದೆ.

ಮೊನ್ನಿನ ವರ್ಷ ನನಗ ತಡಕೊಳ್ಳಾಕ ಆಗಲಿಲ್ಲ. ಆ ವರ್ಷದ ಸೋಗಿನ ಗುಂಪಿಗೆ ಮುಖ್ಯಾ ಒಬ್ಬಾಕಿ ಉಮದಿ ಹುಡುಗಿ, ಗಾದಿ ಮಾಡೂ ಮನೆತನದಾಕಿ. ಮನ್ಯಾಗ ದಖನಿ ಮಾತು, ಓಣ್ಯಾಗ ಕನ್ನಡ, ಕ್ಲಾಸಿನಾಗ ಮರಾಠಿ, ಪೇಟಿ ಮುಂದ ಕುಂತರ ಮೂರೂ ಕೂಡೇ ಬರತಿದ್ವು. ನನ್ನ ಇತಿಹಾಸದ ಕ್ಲಾಸಿನಾಗ ಮುಂದಿನ ಬೆಂಚಿನಾಗ ಕುಂದರತಿದ್ಲು. ಗ್ಯಾದರಿಂಗಿಗೆ ವಾರ ಇರೂ ಮುಂದ ಒಂದಿನ ವಾಚನಾಲಯದ ಪಡಸಾಲ್ಯಾಗ ಒಬ್ಬಾಕೀನ ಸಿಕ್ಲು. ನಾ ತಡದು ಕೇಳಿದೆ.

"ಏನವಾ, ನಮ್ಮ ಮನಿ ದಾರಿ ನಿಮಗ ಗೊತ್ತಿಲ್ಲೇನು?"

ಅಕಿಗೆ ಕೂಡಲೇ ತಿಳೀತು. ಮಾರಿ ಸಣ್ಣದು ಮಾಡಿದ್ಲು. "ಗೊತ್ತೈತ್ರಿ ಮ್ಯಾಡಂ" ಅಂದ್ಲು.

"ಗೊತ್ತಿದ್ದು ದಾಟಿ ಹೋಗತೀರಿ. ನಾ ಏನ ಹುಲಿನೋ, ಕರಡಿನೋ? ಒಂದ ಸಲ ಯಾರಿಗರ ಬೈದೀನೇನು?"

"ಮ್ಯಾಡಂರಿ, ಸಿಟ್ಟ ಆಗಬ್ಯಾಡ್ರಿ. ಸಾವಾದ ಮನಿಗೆ ಸಾಮಾನ ಕೇಳಾಕ ಹೋಗಬಾರದು ಅಂತ ಸೋಗಿನ ರೂಢಿ ಐತ್ರಿ. ಆ ಮನಿ ಹಿರ್ಯಾರು ತಾವ ಕರದು, ಬರ್ರಿ, ಒಯ್ರಿ ಅನ್ನಬೇಕು. ಅನ್ನೂತನಕ ಹೊಸ್ತಲಕ್ಕ ಕಾಲ ಇಡಬಾರದು. ನಮ್ಮ ಹಿಂದಿನವ್ರು ಹೇಳಿ ಹೋಗ್ಯಾರ. ಅವರಿಗೆ ಅವರ ಹಿಂದಿನವ್ರು ಹೇಳ್ಯಾರ. ನೀವು ಕರೀಲಿಲ್ಲರಿ, ನಾವು ಬರಲಿಲ್ಲ."

ನಾ ಕಲಿಯೂ ಮುಂದ ಇಂಥಾ ರೂಢಿ ಕೇಳಿರಲಿಲ್ಲ. ನನ್ನ ದುಃಖದ ವರ್ಷನ ಯಾವನೋ ಒಬ್ಬ ಶ್ಯಾಣ್ಯಾ ಹುಡುಗ ಇದನ್ನ ಹುಟ್ಟಿಸಿರಬೇಕು. ಚಲೋ ಮನಸಿಲೇನ ಹುಟ್ಟಿಸ್ಯಾನ. ಆದ್ರ ಹಿರ್ಯಾರಿಗೆ ಈ ರೂಢಿ ಆಗೇತಿ ಅಂತ ತಿಳಸೂದು ಮರತಾನ. ಬೆಕ್ಕಿಗೆ ಗಂಟಿ ಕಟ್ಟಾವ್ರು ಯಾರು? ಹುಡುಗೂರು ನಾವು ಕರೀತೀವಿ ಅಂತ ದಾರಿ ನೋಡಿದ್ರು, ನಾ ಅವರು ಬರತಾರ ಅಂತ ಚಿವಡಾ ಹುರದೆ. ಬ್ಯಾಚಿನ ಮ್ಯಾಲ ಬ್ಯಾಚು ಹೊರಗ ಬಿದ್ದು, ಅವರ ಮದುವಿ ಆಗಿ ಮಕ್ಕಳೂ ಆದ್ರು.

"ಹಂಗಂದ್ರ ಇಷ್ಟ ವರ್ಷ ನನ್ನ ನೆನಪ ಯಾರಿಗೂ ಆಗಿಲ್ಲ" ಅಂದೆ.

"ಯಾರ ಹೇಳಿದ್ರು ನಿಮಗ?" ಹುಡುಗಿ ನನ್ನ ಮ್ಯಾಲನ ಸಿಟ್ಟಾದ್ಲು. "ನಿಮ್ಮ ಹಾಡು ವರ್ಷ ವರ್ಷಾ ಬರೀತಾರ್ರಿ. ತಾಲೀಮೂ ಆಗತೈತಿ. ಒಂದೊಂದ ವರ್ಷ ನಿಮ್ಮ ಹಾಡನ ಎಲ್ಲಾಕ್ಕಿಂತ ಚಲೋ ಇರತೈತಿ. ಕಡೀ ದಿನದತನಕ ಇಟಗೊಂಡು, ಕರೀತಾರೇನೋ ಅಂತ ನೋಡಿ ಬಿಡತಾರ."

ನಾ ಗ್ವಾಡಿಗೆ ಆನಿಕೊಂಡು ನಿಂತೆ. ವರ್ಷ ವರ್ಷಾ ನನ್ನ ಹಾಡು ಆಗಿತ್ತು. ಯಾವದೋ ಖೋಲ್ಯಾಗ ನನ್ನ ನಡಿಗಿ, ನನ್ನ ಮಾತು ಎಲ್ಲಾ ಮಾಡಿ ನಕ್ಕಿದ್ರು. ನಾ ಒಬ್ಬಾಕೀನ ಅದನ್ನ ನೋಡಿರಲಿಲ್ಲ. ಅವತ್ತ ಆದಷ್ಟು ಸಂತೋಷ ನನಗ ನೌಕರಿ ಸಿಕ್ಕ ದಿನಾನೂ ಆಗಿರಲಿಲ್ಲ.

"ಮ್ಯಾಡಂ, ಹಿರ್ಯಾರಂದ್ರ ನಿಮ್ಮ ಮನ್ಯಾಗಿನ ಆಯಿ ಅಲ್ಲೇನ್ರಿ? ನೀವೊಂದ ಮಾತ ಕೇಳ್ರಿ. ಆಯಿ ಒಮ್ಮೆ ಕರದ್ರ ಸಾಕು" ಅಂದ್ಲು ಹುಡುಗಿ.

ಅಲ್ಲೇ ನನ್ನ ಸಂತೋಷ ಕುಸದ ಬಿತ್ತು. ಹಡದಾಕಿ ಮುಂದ ನಿಂತು, "ಅತ್ತಿ, ನಿಮ್ಮ ಮಗನ ದುಃಖ ಮುಗೀತು ಅಂತ ಹೇಳ್ರಿ, ನನಗ ಹುಡುಗೂರ ಕಡಿಂದ ನಗಿಸ್ಕೊಬೇಕಾಗೇತಿ" ಅಂತ ಹೆಂಗ ಕೇಳಲಿ? ಹೋಳಿಗಿ ತುತ್ತು ಉಗಳಿ ಬಂದಾಕಿ ಅಕಿ. ಅಕಿ ಬಾಯಿಂದ ಆ ಮಾತು ಜಗ್ಗಿ ತಗಸಿ ನಾ ಸೋಗು ಹಾಕಿಸ್ಕೊಂಡ್ರ ಅದು ನಗಿ ಹೆಂಗ ಆದೀತು?

"ಬಿಡವಾ" ಅಂದೆ. "ಆಯಿಗೆ ಏನೂ ಕೇಳಬ್ಯಾಡ್ರಿ. ನನ್ನ ಹಾಡು ಆಗೇತಿ ಅಂತ ಗೊತ್ತಾತಲ್ಲ, ನನಗ ಅಷ್ಟ ಸಾಕು." ಸಾಕಾಗಿರಲಿಲ್ಲ. ಆದ್ರ ಬ್ಯಾರೆ ಏನ ಹೇಳಲಿ?

ಸಾಮಾನ ಕೇಳೂ ಸಂಜಿ ಬಂತು. ಆ ವರ್ಷ ನಾ ಚಿವಡಾ ಮಾಡಲಿಲ್ಲ. ಅಂಗಳಾನೂ ಕಸಾ ಹೊಡೀಲಿಲ್ಲ. ಅಡಗಿಮನ್ಯಾಗ ಮೆಂತೆಪಲ್ಲೆ ಸೋಸಿಕೊಂತ ಕುಂತೆ. ಅತ್ತಿ ಕೋಲ ಊರಿಕೊಂತ ಬಂದು ಬಾಗಲದಾಗ ನಿಂತ್ಲು.

"ಯಾಕ, ಈ ವರ್ಷ ಚಿವಡಾ ಇಲ್ಲೇನು?"

"ಯಾರ ತಿನ್ನಾಕ್ರಿ?"

"ಸೋಗಿನ ಹುಡುಗೂರಿಗೆ."

ಇಷ್ಟ ವರ್ಷ ಅಕಿಗೆ ಗೊತ್ತಿತ್ತು. ನಾ ತಲಿ ಎತ್ತಲಿಲ್ಲ. "ನಮ್ಮ ಮನಿಗೆ ಅವರು ಬರೂದಿಲ್ರಿ ಅತ್ತಿ" ಅಂದೆ.

"ಯಾಕ ಬರೂದಿಲ್ಲ?"

"ಏನೋ. ಹುಡುಗೂರ ಮಾತು."

ಅತ್ತಿ ಕೋಲಿನ ಸಪ್ಪಳ ಪಡಸಾಲಿ ದಾಟಿ ಹೊರಗಿನ ಕಟ್ಟಿಗೆ ಹೋತು. ದಿನಾ ಸಂಜೀಕ ಅಕಿ ಅಲ್ಲೇ ಕುಂದರಾಕಿ, ನಾ ಏನೂ ತಿಳಕೊಳ್ಳಲಿಲ್ಲ. ಗುಂಪಿನ ಗದ್ದಲ ಓಣ್ಯಾಗ ಕೇಳಿ ಬಂತು. ನಮ್ಮ ಬಾಗಲ ಮುಂದ ಎಂದಿನಂಗ ಬಾಯಿ ಮುಚ್ಚಿದ್ರು. ಅಷ್ಟರಾಗ ಅತ್ತಿ ದನಿ ಎದ್ದಿತು.

"ಏ ಹುಡುಗೂರಾ, ನಿಂದರ್ರಿ. ನಮ್ಮ ಮನಿ ಯಾಕ ದಾಟಿ ಹೋಗತೀರಿ? ನಮ್ಮ ಮನ್ಯಾಗ ಕೊಡಾಕ ಏನೂ ಇಲ್ಲ ಅಂತ ಮಾಡೀರೇನು?"

ಗಾದಿ ಮನಿ ಹುಡುಗಿ ಮೆಲ್ಲಕ, "ಆಯಿ, ನೀವು ಕರೀಬೇಕಾಗತೈತ್ರಿ. ದುಃಖದ ಮನಿಗೆ ಹಿರ್ಯಾರು ಕರೀದ ಬರಬಾರದು ಅಂತ ಐತಿ" ಅಂದ್ಲು. ಬ್ಯಾಡ ಅಂದಿದ್ದೆ ಅಕಿಗೆ. ಆದ್ರ ಆಯಿನ ಕೇಳಿದ ಮ್ಯಾಲ ಅಕಿ ಸುಳ್ಳ ಹೇಳೂ ಪೈಕಿ ಅಲ್ಲ. ನಾ ಎದ್ದು ಪಡಸಾಲಿ ಬಾಗಲ ಮರಿಗೆ ಬಂದು ನಿಂತೆ. ಹೊರಗ ಹೋಗಿ, ಬ್ಯಾಡ್ರಿ ಅತ್ತಿ, ಬಿಡ್ರಿ ಅನ್ನಬೇಕಂದೆ. ಹೋಗಲಿಲ್ಲ, ಬಾಗಲ ಹಿಡಕೊಂಡು ಕೇಳಿದೆ.

ಅತ್ತಿ ತಲಿ ಬಗ್ಗಿಸಿ ಕೋಲಿನ ತುದಿ ನೋಡಿಕೊಂತ ಕುಂತಿದ್ಲು. ಅಕಿ ಬೆನ್ನ ಅಷ್ಟ ಕಾಣತಿತ್ತು ನನಗ. ಹಂಗ ಕುಂತ ಅಂದ್ಲು, "ನಾ ಕರೀಬೇಕು ಅಂತ ನನಗ ಯಾರ ಹೇಳಿದ್ರವಾ? ಅಕಿ ವರ್ಷಾ ಚಿವಡಾ ಮಾಡಿ ನಿಮ್ಮ ದಾರಿ ನೋಡತಾಳ. ವರ್ಷಾ ಅದನ್ನ ನಾ ತಿಂತೀನಿ. ಈ ಹುಡುಗೂರಿಗೆ ಏನ ಬ್ಯಾನಿ ಬಂದೈತಿ, ನಮ್ಮ ಹುಡುಗಿನ ಬಿಟ್ಟು ಹೋಗತಾವ ಅಂತ ನಿಮಗ ಬೈಕೊಂತ ತಿಂತೀನಿ. ಬರ್ರಿ, ಮ್ಯಾಲ ಬರ್ರಿ. ಕುಂದ್ರಿ."

ನಮ್ಮ ಹುಡುಗಿ ಅಂದ್ಲು. ಸೊಸಿ ಅನ್ನಲಿಲ್ಲ. ನಾ ಬಾಗಲ ಮರಿಗೆ ಸೆರಗು ಬಾಯಾಗ ತುರಕಿಕೊಂಡೆ.

ಹುಡುಗೂರು ಕಟ್ಟಿ ತುಂಬ ಕುಂತ್ರು. ಆಮ್ಯಾಲ ಆದದ್ದು ನನಗ ಇನ್ನೂ ನಂಬಾಕ ಆಗೂದಿಲ್ಲ. "ನಿಮಗ ಅಕಿ ಸೋಗು ಏನ ಬರತೈತಿ? ಕಾಲೇಜಿನಾಗ ಕಂಡದ್ದು ಅಷ್ಟ ಬರತೈತಿ" ಅಂದು ಅತ್ತಿ ಕೋಲ ಗ್ವಾಡಿಗೆ ಆನಿಸಿ ಎದ್ದ ನಿಂತ್ಲು. ನಿಂತು, ನನ್ನ ಸೋಗು ಹಾಕಿದ್ಲು. ಬೆಳಿಗ್ಗೆ ನಾ ಸ್ಕೂಟಿ ಸುರು ಆಗಲಿಲ್ಲ ಅಂದ್ರ ಅದಕ್ಕ ಹೆಂಗ ಕೈಮುಗೀತೀನಿ, ಆಮ್ಯಾಲ ಹೆಂಗ ಒದೀತೀನಿ. ದಾರ್ಯಾಗ ಆಡು ಅಡ್ಡ ಬಂದ್ರ, "ಸರೀವಾ ತಂಗಿ, ಬೆಲ್ ಆಗತೈತಿ" ಅಂತ ಅದರ ಸಂಗಟ ಹೆಂಗ ಮಾತಾಡತೀನಿ. ಚಹಾ ಮಾಡಿ ಎಲ್ಲೋ ಇಟ್ಟು ಮನಿ ತುಂಬ ಹುಡಕತೀನಿ, ಹುಡಕೂ ಮುಂದ ಪಾಣಿಪತ್ತದ ಯುದ್ಧದ ಪಾಠ ಗ್ವಾಡಿಗೆ ಹೇಳತೀನಿ. ನನ್ನ ದನಿ, ನನ್ನ ಕೈ ಬೀಸೂದು, ಲಗೂನ ಲಗೂನ ಅನ್ನೂದು, ಒಂದೂ ತಪ್ಪಲಿಲ್ಲ. ಹುಡುಗೂರು ಕಟ್ಟಿ ಮ್ಯಾಲ ಉಳ್ಳಾಡಿ ನಕ್ರು. ಬಾಜು ಮನಿ ಗಣಿತದ ಸರ್ ಮಫ್ಲರು ಕೈಯಾಗ ಹಿಡಕೊಂಡು, ಹುಡುಗೂರು ತಮ್ಮ ಮನಿಗೆ ಯಾಕ ಬರವಲ್ರು ಅಂತ ನೋಡಾಕ ಬಂದವ್ರು ಅಲ್ಲೇ ನಿಂತು ನಗಾಕತ್ತಿದ್ರು. ನಾ ಮರಿಗೆ ನಿಂತು ನಕ್ಕೆ, ಕಣ್ಣೀರೂ ಹಾಕಿದೆ, ಯಾವದು ಯಾವಾಗ ಅಂತ ನನಗ ತಿಳೀಲಿಲ್ಲ. ನಗಸೂದು ನಮ್ಮ ಮನಿಯವ್ರಿಗೆ ಎಲ್ಲಿಂದ ಬಂದಿತ್ತು ಅಂತ ಅವತ್ತ ಗೊತ್ತಾತು.

ಸಾಮಾನ ಕೊಡಬೇಕಾದಾಗ ನಾನ ಹೊರಗ ಬಂದು ನನ್ನ ಚಸ್ಮಾ ತಗದು ಹಿಡದೆ. ಅತ್ತಿ, "ಅದನ್ನ ಇಟಗೋ, ನಾಳಿ ನಿನ್ನ ಸೋಗು ನಿನಗ ಕಾಣಬೇಕಲ್ಲ" ಅಂದು ಒಳಗ ಹ್ವಾದ್ಲು. ಟ್ರಂಕಿನ ಮುಚ್ಚಳ ತಗದ ಸಪ್ಪಳ ಆತು. ಹೊರಗ ಬಂದಾಗ ಕೈಯಾಗ ಹಸರ ಇಳಕಲ್ ಸೀರಿ ಇತ್ತು. ಮದುವಿ ಆಗಿ ಬಂದ ಮೊದಲನೇ ಪಂಚಮಿಗೆ ಅಕೀನ ನನಗ ತಂದ ಸೀರಿ. ಮನಿಯವ್ರು ಹ್ವಾದ ಮ್ಯಾಲ ನಾ ಹಸರು ಉಟ್ಟಿರಲಿಲ್ಲ. ಉಡಬ್ಯಾಡ ಅಂತ ಯಾರೂ ಹೇಳಿರಲಿಲ್ಲ. ಉಡು ಅಂತಾನೂ ಹೇಳಿರಲಿಲ್ಲ.

"ಇದನ್ನ ಉಟಗೊಂಡು ಮಾಡ್ರಿ" ಅಂದ್ಲು ಹುಡುಗಿಗೆ. "ಅಕಿ ದಿನಾ ಉಡೂ ಬೂದಿ ಬಣ್ಣದ್ದು ನೋಡಿ ನೋಡಿ ನನ್ನ ಕಣ್ಣ ಬ್ಯಾಸತ್ತಾವ."

ಮರದಿವಸ ಅತ್ತಿನ್ನ ಸ್ಕೂಟಿ ಹಿಂದ ಕುಂದರಿಸಿಕೊಂಡು ಹ್ವಾದೆ. ಮುಂದಿನ ಸಾಲಿನಾಗ, ಗಣಿತದ ಸರ್ ಬಾಜುಕ ಕುಂತ್ವಿ. ಪೇಟಿ ಎದ್ದಿತು, ಹಲಗಿ ಎದ್ದಿತು. ಸರ್ ಸೋಗು ಮೊದಲ ಬಂದು ಹೋತು. ಆಮ್ಯಾಲ ಬೀಸೂ ಕಲ್ಲಿನ ಧಾಟಿ ಸುರು ಆತು. ಪಡದಾದ ಹಿಂದಿನಿಂದ ಇಬ್ಬರು ಹುಡುಗೂರು ಸ್ಕೂಟಿ ಆಗಿ ಬಗ್ಗಿಕೊಂತ ಬಂದ್ರು, ಅವರ ಮ್ಯಾಲ ಹಸರ ಸೀರಿ ಉಟ್ಟ ಗಾದಿ ಮನಿ ಹುಡುಗಿ.

ಬಂದ್ರು ಬಂದ್ರು ನೋಡ ಇತಿಹಾಸದ ಬಾಯಿ,
ಮುಂದ ಅಡ್ಡ ಆಡು, ಹಿಂದ ಹತ್ತೈತಿ ನಾಯಿ,
ಪಾಣಿಪತ್ತ ಮುಗಸ್ರೋ ಲಗೂ ಲಗೂನ,
ಕುದರಿ ಕಟ್ಟಿಬಿಡ್ರಿ, ಬೆಲ್ ಆತು ಈಗನ.

ಸಭಾಗೃಹ ಹಾರಿ ಹೋಗೂವಂಗ ನಕ್ತು. ಸ್ಟಾಫಿನವ್ರು ಮೊದಲ ನನ್ನ ಮಾರಿ ನೋಡಿದ್ರು, ನಗಬೇಕೋ ಬ್ಯಾಡೋ ಅಂತ. ನಾ ನಗಾಕತ್ತಿದ್ದು ಕಂಡು ತಾವೂ ಬಿಟ್ರು. ಇಷ್ಟ ವರ್ಷ ನನ್ನ ಮುಂದ ಮೆತ್ತಗ ಮಾತಾಡಿದವ್ರೆಲ್ಲಾ ನನ್ನ ನೋಡಿ ಹೊಟ್ಟಿ ಹಿಡಕೊಂಡು ನಕ್ರು. ಅವರಲ್ಲಿ ಒಬ್ಬೊಬ್ಬರಿಗೂ ನಾ ಋಣಿ. ಆ ಹುಡುಗೂರಿಗಂತೂ ಏನ ಕೊಟ್ರೂ ನನ್ನ ಋಣ ತೀರೂದಿಲ್ಲ. ಅತ್ತಿ ನಗಿ ಹೆಂಗಿತ್ತಂದ್ರ, ಸಪ್ಪಳ ಇಲ್ಲ, ಹೆಗಲ ಅಷ್ಟ ಕುಣೀತಿದ್ವು. ಮಗ ಹ್ವಾದ ಮ್ಯಾಲ ಆ ನಗಿ ನಾ ನೋಡಿರಲಿಲ್ಲ.

ಸೋಗು ಮುಗದ ಮ್ಯಾಲ ಸಾಮಾನ ತಿರಗಿ ಕೊಡೂದೂ ಅಲ್ಲೇ, ಎಲ್ಲಾರ ಮುಂದ. ಯಾರದ್ದೋ ಅವರ ಮೈಮ್ಯಾಲನ ಹಾಕಿ ಕೊಡಬೇಕು. ಗಣಿತದ ಸರ್‌ಗೆ ಕೊರಳಿಗೆ ಮಫ್ಲರು ಸುತ್ತಿದ್ರು. ಹುಡುಗಿ ಪಡದಾದ ಹಿಂದ ಹೋಗಿ ತನ್ನ ಅರಿವಿ ಹಾಕ್ಕೊಂಡು, ಹಸರ ಸೀರಿ ಮಡಚಿ ಎರಡೂ ಕೈಯಾಗ ಹಿಡಕೊಂಡು ಬಂದ್ಲು. ನಾ ವೇದಿಕಿ ಹತ್ತಿದೆ. ಅಷ್ಟ ಗದ್ದಲ ಇದ್ದ ಸಭಾಗೃಹ ಗಪ್ ಆತು. ಹುಡುಗಿ ಕೈ ಎತ್ತಿದಾಕಿ ಹಂಗ ನಿಂತ್ಲು. ನನ್ನ ಹೆಗಲಿಗೆ ಹಸರು ಹೊಚ್ಚಬೇಕೋ ಬ್ಯಾಡೋ ಅಂತ ಅಕಿಗೆ ತಿಳೀಲಿಲ್ಲ. ನನಗೂ ತಿಳೀಲಿಲ್ಲ. ಕೆಳಗ ಕುಂತವ್ರಿಗೆ ಯಾರಿಗೂ ತಿಳೀಲಿಲ್ಲ.

ಕೋಲಿನ ಸಪ್ಪಳ ಕೇಳಿತು. ಅತ್ತಿ ಎದ್ದಿದ್ಲು. ಗಣಿತದ ಸರ್ ರಟ್ಟಿ ಹಿಡದು ಮೆಟ್ಟಲ ಹತ್ತಿಸಿದ್ರು. ಅಕಿ ಹುಡುಗಿ ಕೈಯಾಗಿನ ಸೀರಿ ಇಸಗೊಂಡು, ಒಂದ ಮಡಿಕಿ ಬಿಚ್ಚಿ, ನನ್ನ ಎರಡೂ ಹೆಗಲ ಮ್ಯಾಲ ಹೊಚ್ಚಿದ್ಲು. ಅಂಚು ಎಳದು ಸರಿ ಮಾಡಿದ್ಲು. ನಾ ಅಳಾಕತ್ತಿದ್ದೆ. ಅಕಿ ನನ್ನ ಗದ್ದಾ ಹಿಡದು ಎತ್ತಿ, ನನಗೊಬ್ಬಾಕಿಗೆ ಕೇಳೂವಂಗ ಅಂದ್ಲು:

"ಸತ್ತಾಂವ ನನ್ನ ಮಗ, ಯವ್ವಾ. ನೀ ಅಲ್ಲ."